ಜರಡಿ ಹಿಡಿದ ಬೂದಿ

ನವಸಾಗರದ ಹರಳಿಗೆ ಕಡಲೆಕಾಳಿನಷ್ಟು ಸುಣ್ಣ ಸೇರಿಸಿ ಅಜ್ಜಿ ಅಂಗೈಯಲ್ಲಿ ತಿಕ್ಕಿದಾಗ ಏಳುತ್ತಿದ್ದ ಘಾಟು ಶಾಂತಕುಮಾರಿಯ ಮೂಗಿನ ಬುಡದಲ್ಲಿ ಎಲ್ಲೋ ಇನ್ನೂ ಉಳಿದುಕೊಂಡಿತ್ತು. ಪಾತ್ರೆಗೆ ಕಲಾಯಿ ಹಾಕುವವನು ಬಂದಾಗ ಅವನನ್ನು ಕೇಳಿ ಇಸಿದುಕೊಂಡ ಹರಳುಗಳನ್ನು ಅಜ್ಜಿ ಒಂದು ಸೀಸೆಯಲ್ಲಿ ಹಾಕಿಟ್ಟಿರುತ್ತಿದ್ದಳು. ನೆಗಡಿಗೆ ಅದು, ತಲೆನೋವಿಗೆ ಅದು, ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದರೂ ಅದೇ. "ಜೋರಾಗಿ ಎಳಕೋ," ಎಂದು ಮುಚ್ಚಿದ ಮುಷ್ಟಿಯನ್ನು ಮೂಗಿಗೆ ಹಿಡಿದು ತಟ್ಟನೆ ಬಿಚ್ಚುತ್ತಿದ್ದಳು. ತಲೆಬುರುಡೆ ಇಬ್ಭಾಗವಾದಂತಾಗಿ ಕಣ್ಣಲ್ಲಿ ಧಾರಾಕಾರ ನೀರು. ಆ ನೀರನ್ನು ಅಜ್ಜಿಯೇ ಸೆರಗಿನಿಂದ ಒರೆಸಿ, "ಹೋತು ನೋಡು," ಎನ್ನುತ್ತಿದ್ದಳು. ಏನು ಹೋಯಿತು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ದಾವಣಗೆರೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಹರಿಹರದ ಪ್ಯಾಸೆಂಜರಿಗೆ ಕಾಯುತ್ತ ಕೂತಿದ್ದಾಗ ಆ ಘಾಟು ಯಾಕೆ ನೆನಪಾಯಿತೋ ತಿಳಿಯದೆ ಅವಳು ತನ್ನ ಬೆರಳುಗಳನ್ನು ಮೂಸಿ ನೋಡಿಕೊಂಡಳು. ಸೋಪಿನ ವಾಸನೆ, ಅದರ ಕೆಳಗೆ, ಹನ್ನೊಂದು ತಿಂಗಳಿಂದ ಹೋಗದೆ ಉಳಿದ ಇನ್ನೊಂದು. ಪಕ್ಕದಲ್ಲಿ ಖಾಲಿ ತಗಡಿನ ಡಬ್ಬಿಗಳ ಚೀಲವಿತ್ತು. ಇವತ್ತು ಡಬ್ಬಿಗಳ ಅಗತ್ಯವೇ ಇರಲಿಲ್ಲ, ಆದರೂ ಪ್ರತಿ ಬುಧವಾರ ತರುವ ಹಾಗೆ ತಂದಿದ್ದಳು. ಇವತ್ತು ಅವಳು ಹೋಗುತ್ತಿದ್ದದ್ದು ಹರಿಹರದ ಹಜೀರಾಬೀಗೆ ಎರಡು ಮಾತು ಹೇಳುವುದಕ್ಕೆ. ನಿಮ್ಮ ಅಂಗಳದ ಇಪ್ಪತ್ತನಾಲ್ಕು ಬಿಳಿ ಕೋಳಿಗಳನ್ನು ಶುಕ್ರವಾರ ನಮ್ಮ ಆಫೀಸಿನವರು ವಾಪಸು ಒಯ್ಯುತ್ತಾರೆ ಎಂಬುದು ಒಂದು. ಹಾಗಾದದ್ದು ನನ್ನಿಂದ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಬಹುದು ಅನ್ನಿಸುತ್ತಿತ್ತು.

ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ಅವಳನ್ನು ನೋಡಿ ಕಿಟಕಿಯ ಕಡೆಗೆ ಒತ್ತಿಕೊಂಡಳು. ಜಾಗ ಮಾಡಿಕೊಟ್ಟಳೋ, ದೂರ ಸರಿದಳೋ. ಈ ಒಂದು ವರ್ಷದಲ್ಲಿ ಇವೆರಡರ ವ್ಯತ್ಯಾಸವನ್ನು ಶಾಂತಕುಮಾರಿ ಗುರುತಿಸಲಾರದಂತಾಗಿದ್ದಳು. ಕಾಲೇಜಿನ ಗೆಳತಿಯ ಮದುವೆಯಲ್ಲಿ ಯಾರೋ, "ಏನ್ ಕೆಲ್ಸ ಮಾಡ್ತೀಯವ್ವ?" ಎಂದು ಕೇಳಿದ್ದರು. ಗೊಬ್ಬರದ ಸಂಶೋಧನೆ ಎಂದಿದ್ದಳು. "ಯಾವುದರ ಗೊಬ್ಬರ?" ಎಂದು ಹಿಂದಿನಿಂದ ಇನ್ನೊಬ್ಬರು ಕೇಳಿದಾಗ, "ಬೇರೆ ಬೇರೆ," ಎಂದುಬಿಟ್ಟಿದ್ದಳು. ಲಿಂಗ ಕಟ್ಟಿಕೊಂಡ ಮನೆಯ ಮಗಳು ಕೋಳಿಯ ಹಿಕ್ಕೆಯನ್ನು ತೂಕ ಮಾಡಿ ಕುದಿಸುತ್ತಾಳೆ ಎಂದು ಆ ಪಂಕ್ತಿಯಲ್ಲಿ ಹೇಳುವುದು ಹೇಗೆ. ತಾಯಿ ಕಸ್ತೂರಮ್ಮ ಮೊದಲ ದಿನವೇ, "ಆ ಸೀರೆ ಹಿತ್ತಲಾಗೇ ಬಿಚ್ಚು, ಒಳಗೆ ತರಬ್ಯಾಡ," ಎಂದಿದ್ದಳು. ಅಷ್ಟು ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಅಂದಿನಿಂದ ಪ್ರತಿ ಬುಧವಾರ ಅವಳು ಬರುವ ಹೊತ್ತಿಗೆ ಹಿತ್ತಲಿನ ಒಲೆಯ ಮೇಲೆ ಹಂಡೆ ತುಂಬ ನೀರು ಕಾದಿರುತ್ತಿತ್ತು, ಹಗ್ಗದ ಮೇಲೆ ಒಗೆದ ಸೀರೆ ಇರುತ್ತಿತ್ತು. ಗಾಡಿ ತಡವಾದ ದಿನ ನೀರು ಎರಡನೆಯ ಸಲ ಕಾದಿರುತ್ತಿತ್ತು.

ಕೆಲಸವೇನೋ ಸರಳವಾದದ್ದೇ. ದಾವಣಗೆರೆಯ ಹತ್ತಿ ಅಂಗಡಿಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಸರ್ಕಾರ ಒಂದು ತಾತ್ಕಾಲಿಕ ಯೋಜನೆ ತೆರೆದಿತ್ತು. ಕೋಳಿಗೊಬ್ಬರವನ್ನು ಗುಡ್ಡೆ ಹಾಕಿಟ್ಟರೆ ಅದರೊಳಗಿನ ಸಾರಜನಕ, ಅಂದರೆ ಬೆಳೆಗೆ ಬೇಕಾದ ಮುಖ್ಯ ಸತ್ವ, ಎಂಟು ತಿಂಗಳಲ್ಲಿ ಎಷ್ಟು ಗಾಳಿಯ ಪಾಲಾಗುತ್ತದೆ ಎಂದು ಅಳೆಯಬೇಕು. ಹಾಲೆಂಡಿನಲ್ಲಿ ಎಷ್ಟು, ಇಲ್ಲಿ ಎಷ್ಟು. ಅಲ್ಲಿ ಹೆಂಡ್ರಿಕ್ಸ್ ಎಂಬ ವಿಜ್ಞಾನಿ ಐದು ಗುಡ್ಡೆ ಹಾಕಿದ್ದ, ಇಲ್ಲಿಯೂ ಐದು. ಅದೇ ಬಿಳಿ ಜಾತಿಯ ಕೋಳಿ, ಅಷ್ಟೇ ತೂಕದ ಮೇವು. ಕೋಳಿಯ ಹೊಲಸಿಗೆ ದಾವಣಗೆರೆಯಲ್ಲಿ ಯಾರೂ ಜಾಗ ಕೊಡಲಿಲ್ಲ. ಹರಿಹರದ ಅಂಚಿನಲ್ಲಿ, ಗುತ್ತೂರಿನ ರಸ್ತೆಗೆ ಬೆನ್ನು ಮಾಡಿಕೊಂಡಿದ್ದ ಹಜೀರಾಬೀಯ ಹಿತ್ತಲು ಸಿಕ್ಕಿತು. ಗಂಡ ಅಬ್ದುಲ್ ರಹೀಮ್ ಗಾಡಿಯ ಗಾಲಿ ಮಾಡುವ ಬಡಗಿ; ಬಲಗೈ ಸತ್ತಂತಾಗಿ ಮೂರು ವರ್ಷದಿಂದ ಹಗ್ಗದ ಮಂಚ ಹಿಡಿದಿದ್ದ. ಯೋಜನೆಯವರು ಕೋಳಿ ಕೊಟ್ಟರು, ತಂತಿಯ ಗೂಡು ಕಟ್ಟಿಸಿದರು. ಮೊಟ್ಟೆ ಆಕೆಗೆ, ಹಿಕ್ಕೆ ಸರ್ಕಾರಕ್ಕೆ ಎಂದು ಒಪ್ಪಂದವಾಯಿತು. ಪ್ರತಿ ಬುಧವಾರ ಶಾಂತಕುಮಾರಿ ಬಂದು ಗುಡ್ಡೆಗಳನ್ನು ತೂಗಿ, ಒಂದೊಂದರಿಂದ ಒಂದು ಡಬ್ಬಿ ಮಾದರಿ ಒಯ್ಯುತ್ತಿದ್ದಳು. ಹೊಳೆಯ ಸೇತುವೆಯ ಬಳಿಯ ಹೋಟೆಲಿಗೂ ಕಾರ್ಖಾನೆಯವರ ಮನೆಗಳಿಗೂ ಮೊಟ್ಟೆ ಹೋಗುತ್ತಿತ್ತು, ಮನೆ ನಡೆಯುತ್ತಿತ್ತು. ಗುಡ್ಡೆಗೆ ಏನನ್ನೂ ಸೇರಿಸಬಾರದು ಎಂದು ಹಾಲೆಂಡಿನ ಕಾಗದದಲ್ಲಿ ಟೈಪು ಮಾಡಿದ್ದ ಸೂಚನೆಯನ್ನು ಶಾಂತಕುಮಾರಿಯೇ ಮೊದಲ ದಿನ ಬಾಯಲ್ಲಿ ಹೇಳಿದ್ದಳು. "ಇದರ ಮ್ಯಾಲೆ ಬ್ಯಾರೆ ಏನೂ ಹಾಕಬ್ಯಾಡ್ರಿ ಹಜೀರಾಬೀ. ಹುಲ್ಲು, ಮಣ್ಣು, ಸಗಣಿ, ಏನೂ." ಹಜೀರಾಬೀ ಗಲ್ಲದ ಮೇಲೆ ಬೆರಳಿಟ್ಟು ಕೇಳಿಸಿಕೊಂಡು, "ಹಾಕಲ್ಲ ಮೇಡಮ್ಮಾರೆ, ನಾನ್ಯಾಕ ಹಾಕ್ಲಿ," ಎಂದಿದ್ದಳು. ಹಾಗೆ ಹೇಳುವಾಗ ಶಾಂತಕುಮಾರಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಮುಚ್ಚಿಕೊಂಡದ್ದು ಆಗ ಅವಳಿಗೆ ಗೊತ್ತೂ ಇರಲಿಲ್ಲ.

ದಾರಿಯುದ್ದಕ್ಕೂ ಹತ್ತಿ ಬಿಡಿಸಿದ ಹೊಲಗಳು, ಒಣಗಿದ ಗಿಡಗಳು. ಮುದುಕಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ತೆಗೆದು ಕೊಡವಿ ಮತ್ತೆ ಹೊದಿಸಿದಳು. ಮೂರು ವಾರದ ಹಿಂದೆ, ಇದೇ ಹೊಲಗಳನ್ನು ನೋಡುತ್ತ, ಒಂದು ಗಾಡಿ ಮೊದಲೇ ಹೊರಟಿದ್ದಳು. ಮಧ್ಯಾಹ್ನ ಆಫೀಸಿನಲ್ಲಿ ಯಾರೋ ದೊಡ್ಡವರು ಬರುವವರಿದ್ದರು. ಹಜೀರಾಬೀಯ ಬೇಲಿಯ ಬಾಗಿಲು ತೆರೆದೇ ಇತ್ತು. ಚಪ್ಪರದ ಕೆಳಗೆ ಆಕೆ ಕುಕ್ಕುರುಗಾಲಿನಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಾಳೆ ಎಂದುಕೊಂಡು ಶಾಂತಕುಮಾರಿ ಒಂದು ಕ್ಷಣ ನಿಂತಳು. ಬಿಳಿ ನಯವಾದ ಹಿಟ್ಟು ಮೂರನೆಯ ಗುಡ್ಡೆಯ ಮೇಲೆ ತೆಳ್ಳಗೆ ಬೀಳುತ್ತಿತ್ತು. ಆಮೇಲೆ ಹಜೀರಾಬೀ ಒಂದು ಕೋಲಿನಿಂದ ಗುಡ್ಡೆಯನ್ನು ಹಗುರವಾಗಿ ಕೆದಕಿದಳು, ಮಗುವಿನ ತಲೆಗೆ ಎಣ್ಣೆ ಹಚ್ಚಿ ಬಿಡಿಸುವವರ ಹಾಗೆ, ಮತ್ತೆ ಮೇಲೆ ಜರಡಿ ಆಡಿಸಿದಳು.

"ಏನದು?"

ಹಜೀರಾಬೀ ತಿರುಗಿ ನೋಡಿ ನಕ್ಕಳು. "ಇವತ್ತು ಬೇಗ ಬಂದ್ರಿ. ಇನ್ನೂ ಎರಡು ಉಳಿದಾವೆ. ಬೂದಿ ಕಣ್ರಿ. ಒಲೀದು."

"ಬೂದಿ ಯಾಕ ಹಾಕ್ತೀರಿ?"

"ನಾತಕ್ಕೆ. ನೀವು ಬರೋ ದಿನ ಒಂದು ಸುತ್ತು ಹಾಕ್ತೀನಿ, ನಡುವೆ ಒಂದೆರಡು ಸಲ. ಕೆಂಡ ಇದ್ದಿಲು ಬಿದ್ದು ನಿಮ್ಮ ಕೆಲ್ಸಕ್ಕೆ ತೊಂದ್ರೆ ಆಗಬಾರದು ಅಂತ ಜರಡಿ ಹಿಡೀತೀನಿ. ಆ ಕೊಳೆ ನಾತ ಕಮ್ಮಿ ಆತಲ್ಲ? ಮೂಗು ಒಸಿ ಚುರುಚುರು ಅಂತೈತೆ, ಆದ್ರೆ ಆ ನಾತ ಇಲ್ಲ."

"ಯಾವಾಗಿಂದ?"

"ನೀವು ಬಂದ ಎರಡನೇ ತಿಂಗಳಿಂದ. ಪಾಪ, ಸೆರಗು ಮುಚ್ಕಂಡು ಹೆಂಗೆ ಕೆಲ್ಸ ಮಾಡ್ತಾರೆ, ಒಂದು ಕೈ ಸೆರಗಿಗೇ ಹೋಗ್ತೈತೆ ಅಂತ ಇವರು ಅಂದ್ರು." ಮಂಚದ ಮೇಲಿದ್ದ ಗಂಡನ ಕಡೆಗೆ ಗಲ್ಲ ತೋರಿಸಿದಳು.

"ನಾನು ಏನೂ ಹಾಕಬ್ಯಾಡ್ರಿ ಅಂದಿದ್ನಲ್ಲ."

ಹಜೀರಾಬೀಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಹಾಕಿಲ್ಲವಲ್ಲ ಮೇಡಮ್ಮಾರೆ. ಬೂದಿ ಹಾಕೋದು ಅಂದ್ರೆ ಹಾಕಿದಂಗೇನ್ರಿ? ಕಸ ಹೊಡೆದಂಗೆ ಅದು, ನೀರು ಚುಮುಕಿಸಿದಂಗೆ."

ಅದು ಸುಳ್ಳಲ್ಲ. ಶಾಂತಕುಮಾರಿಯ ಮನೆಯಲ್ಲಿಯೂ ಬೆಳಗಾದರೆ ಒಲೆ ಬಳಿದ ಬೂದಿ ತಿಪ್ಪೆಗೇ ಹೋಗುತ್ತಿತ್ತು. ಏನೂ ಹಾಕಬಾರದು ಎಂದು ಕಸ್ತೂರಮ್ಮನಿಗೆ ಯಾರಾದರೂ ಹೇಳಿದ್ದರೂ ಅವಳು ಬೂದಿಯನ್ನು ಹಾಕಿಯೇ ಹಾಕುತ್ತಿದ್ದಳು, ಹಾಕಲಿಲ್ಲವೆಂದು ಆಣೆಯನ್ನೂ ಮಾಡುತ್ತಿದ್ದಳು. ಹಾಲೆಂಡಿನಲ್ಲಿ ಕಟ್ಟಿಗೆ ಒಲೆಯ ಬೂದಿ ಇರಲಿಕ್ಕಿಲ್ಲ, ಆದ್ದರಿಂದ ಆ ಟೈಪು ಮಾಡಿದ ಕಾಗದದಲ್ಲಿ ಅದರ ಹೆಸರು ಬಂದಿರಲಿಲ್ಲ. ಆದರೆ ತಾನು? ಹಿಕ್ಕೆಯನ್ನು ಆಮ್ಲದಲ್ಲಿ ಕುದಿಸಿ, ಆರಿದ ಮೇಲೆ ಕಾಸ್ಟಿಕ್ ಸೋಡಾ ಸುರಿದು, ಅಮೋನಿಯಾ ಬುಸ್ಸನೆ ಎದ್ದು ಕೊಳವೆಗೆ ಹತ್ತುವುದನ್ನು ವಾರಕ್ಕೆ ಮೂರು ಸಲ ನೋಡುವವಳು ಅವಳು. ಕ್ಷಾರ ಸೋಕಿದರೆ ಸಾರಜನಕ ನಿಲ್ಲುವುದಿಲ್ಲ, ಅಮೋನಿಯಾ ಆಗಿ ಹಾರುತ್ತದೆ. ಬೂದಿಯೂ ಕ್ಷಾರವೇ, ಅಜ್ಜಿಯ ಅಂಗೈಯ ಸುಣ್ಣದ ಹಾಗೆ. ಗುಡ್ಡೆಗಳ ಮೇಲೆ ಬೆಳ್ಳಗೆ ಕಂಡದ್ದನ್ನು ಬೂಷ್ಟು ಎಂದು, ತೂಕ ಹೆಚ್ಚಾದದ್ದನ್ನು ಮಳೆಗಾಲದ ತೇವ ಎಂದು ಅವಳೇ ತನ್ನ ದುಂಡಕ್ಷರದಲ್ಲಿ ಬರೆದುಕೊಂಡಿದ್ದಳು. ಬಿ.ಎಸ್ಸಿ. ಮೊದಲ ದರ್ಜೆ. ಕಣ್ಣು ಉರಿದಾಗಲೆಲ್ಲ ಸೆರಗನ್ನು ಇನ್ನಷ್ಟು ಒತ್ತಿಕೊಂಡಿದ್ದಳು, ಅಷ್ಟೆ. ಅದನ್ನು ನೋಡಿ ಹಜೀರಾಬೀ ಮಾರನೆಯ ವಾರ ಇನ್ನೊಂದು ಹಿಡಿ ಹೆಚ್ಚು ಹಾಕಿರಬೇಕು.

ಹಾಲೆಂಡಿನಲ್ಲಿ ನೂರಕ್ಕೆ ಮೂವತ್ತೊಂದು ಹೋಗಿತ್ತು. ಇಲ್ಲಿ ಅರವತ್ತಮೂರು. ಈ ಅಂಕಿಯನ್ನು ಕಳಿಸಿ ಆಗಿತ್ತು, ಉತ್ತರವೂ ಬಂದಿತ್ತು. ನೀಲಿ ಅಂಚಿನ ಆ ಕಾಗದದಲ್ಲಿ ಹೆಂಡ್ರಿಕ್ಸ್ ಬಹಳ ಸಂತೋಷಪಟ್ಟು ಬರೆದಿದ್ದ: ಬಿಸಿ ದೇಶಗಳಲ್ಲಿ ಹೀಗಾಗುತ್ತದೆಂದು ನಾವು ಊಹಿಸಿದ್ದಂತೆಯೇ ಆಗಿದೆ. ಅಲ್ಲಿನ ರೈತರು ಕೋಳಿಗೊಬ್ಬರವನ್ನು ಕೂಡಿಡುವುದೇ ವ್ಯರ್ಥ, ಕಾರ್ಖಾನೆಯ ಗೊಬ್ಬರವನ್ನೇ ಕೊಡಬೇಕು ಎಂದು ಸಲಹೆ ಮಾಡಬಹುದು. ನಿಮ್ಮ ಸಹಾಯಕಿಯ ಶಿಸ್ತು ಮೆಚ್ಚತಕ್ಕದ್ದು. ಶಾಂತಕುಮಾರಿ ಆ ಕೊನೆಯ ಸಾಲನ್ನು ಬೂದಿಯ ವಿಷಯ ಗೊತ್ತಾಗುವ ಮುಂಚೆ ಐದಾರು ಸಲ ಓದಿದ್ದಳು. ಗೊತ್ತಾದ ಮೇಲೆ ಓದಿದ್ದು 'ಊಹಿಸಿದ್ದಂತೆಯೇ' ಎಂಬ ಮಾತನ್ನು. ಅರವತ್ತಮೂರು ಎಂದಾಗ ಯಾರೂ ಹೌಹಾರಲಿಲ್ಲ, ಯಾರೂ ಇನ್ನೊಮ್ಮೆ ನೋಡಿ ಎನ್ನಲಿಲ್ಲ. ಮೂವತ್ತು ಬಂದಿದ್ದರೆ ಕೇಳುತ್ತಿದ್ದರು, ಏನೋ ತಪ್ಪಿರಬೇಕು ಎಂದು ಮೂರು ಕಾಗದ ಬರೆಯುತ್ತಿದ್ದರು. ಇನ್ನು ಅದು ಅಚ್ಚಾಗುತ್ತದೆ. ಇಂಡಿಯಾ, ಅರವತ್ತಮೂರು. ಗುತ್ತೂರಿನ ರಸ್ತೆಯ ಒಂದು ಒಲೆ, ಅವಳ ಒಂದು ಸೆರಗು ಸೇರಿ ಇಡೀ ದೇಶದ ಹೆಸರಿನ ಮುಂದೆ ನಿಲ್ಲುತ್ತವೆ.

ಎರಡು ವಾರ ಸುಮ್ಮನಿದ್ದಳು. ಊಟಕ್ಕೆ ಕೂತರೆ ಅನ್ನದ ಮೇಲೆ ಬಿಳಿಯದೇನೋ ಉದುರಿದಂತೆ ಕಾಣುತ್ತಿತ್ತು. ಸೋಮವಾರ ಕೊನೆಗೆ ಎರಡು ಹಾಳೆ ಬರೆದುಕೊಂಡು ಅಧಿಕಾರಿ ವಾಮದೇವಪ್ಪನವರ ಮೇಜಿನ ಮುಂದೆ ನಿಂತಳು. ಅವರು ಹಾಳೆ ಓದಿ, ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿದರು. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವರು. ಹೆಂಡ್ರಿಕ್ಸನ ಲೇಖನದಲ್ಲಿ ಅವರ ಹೆಸರೂ ಅಚ್ಚಾಗುವುದಿತ್ತು, ಜೀವಮಾನದಲ್ಲಿ ಮೊದಲ ಸಲ.

"ಕೂಡ್ರಿ," ಎಂದರು. "ನೋಡ್ರಿ ಶಾಂತಕುಮಾರಿ, ನಮ್ಮವ್ವ ಕುಕ್ಕುವಾಡದಾಗೆ ದಿನಾ ತಿಪ್ಪೆಗೆ ಬೂದಿ ಚೆಲ್ತಿದ್ಲು. ನಿಮ್ಮನೇಲಿ?"

"ನಮ್ಮನೇಲೂ ಚೆಲ್ತಾರೆ ಸರ್."

"ಮತ್ತೆ? ನಮ್ಮ ದೇಶದ ಪದ್ಧತಿ ಅದು. ನಮ್ಮ ದೇಶದ ಲೆಕ್ಕದಾಗೆ ಬಂತು. ತಪ್ಪೇನೈತೆ?"

"ಹಂಗಂತ ಅವರಿಗೆ ಬರೀಬೇಕಲ್ಲ ಸರ್. ಅವರು ಬಿಸಿಲಿಂದ ಅಂತ ತಿಳ್ಕಂಡಾರೆ."

"ಬಿಸಿಲೂ ಐತಲ್ಲ," ಎಂದರು ಅವರು, ಕಿಟಕಿಯ ಕಡೆ ನೋಡಿ. ಆಮೇಲೆ ದನಿ ತಗ್ಗಿಸಿ, "ಬರೆದ್ರೆ ಏನಂತಾರೆ ಗೊತ್ತೇನು? ಇವರ ಕೈಲಿ ಐದು ಗುಡ್ಡೆ ಕಾಯಾಕೂ ಆಗಲಿಲ್ಲ ಅಂತಾರೆ. ಅರವತ್ತಮೂರು ಅಂತ ಅನ್ನಿಸಿಕೊಳ್ಳಾದು ವಾಸಿ ಕಣ್ರಿ."

ಅವರು ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದಾಗ ತಮ್ಮ ಕೊಡೆ ಕೊಟ್ಟು, ತಾವು ತಲೆಗೆ ಟವೆಲು ಹಾಕಿಕೊಂಡು ಮನೆಗೆ ಹೋದವರು. ಈಗಲೂ ಅವಳ ಎರಡು ಹಾಳೆಗಳನ್ನು ಹರಿಯಲಿಲ್ಲ, ಬೈಯಲಿಲ್ಲ. ಅಂಚು ಸರಿಮಾಡಿ ಫೈಲಿಗೆ ಸೇರಿಸಿದರು. "ನೀವು ಹೇಳಿದ್ದು ಒಳ್ಳೇದಾತು. ನಾಳೆ ಯಾರಾದ್ರೂ ತನಿಖೆ ಮಾಡಿದ್ರೆ ನಾವೂ ಒಂದು ಕ್ರಮ ತಗಂಡಂಗೆ ಇರಬೇಕು," ಎಂದು ಗುಮಾಸ್ತ ಉಜ್ಜನಪ್ಪನನ್ನು ಕೂಗಿ, ಕೋಳಿಗಳನ್ನು ವಾಪಸು ಪಡೆಯುವ ಆರ್ಡರು ಬರೆಸತೊಡಗಿದರು. ಏನು ನಡೆಯುತ್ತಿದೆ ಎಂದು ಅವಳಿಗೆ ಅರ್ಥವಾಗುವ ಹೊತ್ತಿಗೆ ಉಜ್ಜನಪ್ಪ ಅರ್ಧ ಪುಟ ಮುಗಿಸಿದ್ದ.

"ಸರ್, ಆಕೇದೇನು ತಪ್ಪು? ತಪ್ಪು ನಂದು."

ವಾಮದೇವಪ್ಪ ಅವಳನ್ನು ನೋಡಿದರು. ಬೆದರಿಸುವ ನೋಟವಲ್ಲ ಅದು. "ನಿಮ್ಮದು ಅಂತ ಬರೆದ್ರೆ ನಿಮ್ಮ ಕೆಲ್ಸ ಹೋಗ್ತದೆ. ತಾತ್ಕಾಲಿಕದ ನೌಕರಿ, ಕೇಳೋರಿಲ್ಲ. ಬರೆಸ್ಲೇನು? ನೀವೇ ಹೇಳ್ರಿ."

ಉಜ್ಜನಪ್ಪ ಪೆನ್ನು ಎತ್ತಿ ಕಾದ. ಆಗ ಹತ್ತಿಗಿರಣಿಯ ಕೂಗು ಎದ್ದಿತು. ಉದ್ದವಾದ ಕೂಗು ಅದು. ಅಷ್ಟು ಹೊತ್ತೂ ಯಾರೂ ಮಾತಾಡುವಂತಿರಲಿಲ್ಲ. ಕೂಗು ನಿಂತಿತು. ಶಾಂತಕುಮಾರಿ ಮೇಜಿನ ಅಂಚಿನಲ್ಲಿ ಅಂಟಿದ್ದ ಹತ್ತಿಯ ಒಂದು ಎಳೆಯನ್ನು ನೋಡುತ್ತಿದ್ದಳು, ಅದು ಉಸಿರಿಗೆ ಅಲ್ಲಾಡುತ್ತಿತ್ತು. ಯಾರ ಉಸಿರಿಗೆ ಎಂದು ಯೋಚಿಸುತ್ತಿದ್ದಳು. ವಾಮದೇವಪ್ಪ ಮೆಲ್ಲಗೆ, "ಬರಿಯಪ್ಪ," ಎಂದರು, ಉಜ್ಜನಪ್ಪ ಮುಂದಕ್ಕೆ ಬರೆದ.

ಹರಿಹರ ಬಂತು. ಇಳಿಯುವಾಗ ಮುದುಕಿಯ ಬುಟ್ಟಿ ಬಾಗಿಲಿಗೆ ಸಿಕ್ಕಿಕೊಂಡಿತು. ಶಾಂತಕುಮಾರಿ ಒಂದು ಕಡೆ ಹಿಡಿದು ಇಳಿಸಿದಳು. "ನಿನ್ನ ಹೊಟ್ಟಿ ತಣ್ಣಗಿರ್ಲವ್ವ," ಎಂದಳು ಮುದುಕಿ. ಯಾರಿಗೋ ಸೇರಬೇಕಾದ ಮಾತು ತಪ್ಪಿ ತನ್ನ ಕೈಗೆ ಬಂದಂತೆ ಅವಳು ಅಲ್ಲಿಂದ ಬೇಗ ಬೇಗ ನಡೆದಳು. ಗುತ್ತೂರಿನ ರಸ್ತೆಗೆ ತಿರುಗುವ ಬದಲು ಹೊಳೆಯ ಕಡೆ ಹೋದಳು. ತುಂಗಭದ್ರೆ ಬಂಡೆಗಳ ನಡುವೆ ಸೊರಗಿ ಹರಿಯುತ್ತಿತ್ತು; ಅಗಸರ ಕಲ್ಲಿನ ಸದ್ದು ಆ ದಡದಿಂದ ಒಂದು ಕ್ಷಣ ತಡವಾಗಿ ಕೇಳುತ್ತಿತ್ತು, ಬಟ್ಟೆ ಮೇಲೆದ್ದಾಗ ಪೆಟ್ಟಿನ ಸದ್ದು. ಹೀಗೆ ಹೇಳಬಹುದು ಎಂದು ಅಭ್ಯಾಸ ಮಾಡಿಕೊಂಡಳು. ಮೇಲಿನವರ ಆರ್ಡರು ಹಜೀರಾಬೀ, ನಮ್ಮ ಕೈಲಿಲ್ಲ. ಇದು ಸುಳ್ಳಲ್ಲ. ಯೋಜನೆ ಮುಗೀತು, ಕೋಳಿ ಫಾರಮ್ಮಿಗೆ ಹೋಗ್ತಾವೆ. ಇದೂ ಪೂರ್ತಿ ಸುಳ್ಳಲ್ಲ. ನಿಮ್ಮ ಮೊಟ್ಟೆ ಹೋಗುತ್ತೆ, ನನ್ನ ಸಂಬಳ ಉಳಿಯುತ್ತೆ. ಇದನ್ನು ಹೇಳಿಕೊಳ್ಳುವಾಗ ತುಟಿ ಅಲುಗಿತೋ ಏನೋ, ಕೊಡ ಹೊತ್ತ ಹುಡುಗಿಯೊಬ್ಬಳು ತಿರುಗಿ ನೋಡಿದಳು.

ಬೇಲಿಯ ಬಾಗಿಲು ತೆಗೆದಾಗ ಮೊದಲು ಕಂಡದ್ದು ಅಬ್ದುಲ್ ರಹೀಮ್. ಮಂಚವನ್ನು ಬಿಸಿಲಿಗೆ ಎಳೆಸಿಕೊಂಡು, ಸತ್ತ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೋಳಿಗಳನ್ನು ನೋಡುತ್ತಿದ್ದ. "ಬರ್ರಿ, ಬರ್ರಿ," ಎಂದ. "ಸರ್ಕಾರಿ ಸೊಸೇರು ತವರಿಗೆ ಹೊಂಟಾರಂತೆ. ಉಡಿ ತುಂಬಾಕೆ ಬಂದ್ರೇನು?"

ಹಾಗಾದರೆ ಗೊತ್ತಾಗಿದೆ. ಅವಳು ಚೀಲವನ್ನು ಕೆಳಗಿಟ್ಟಳು. ಅನ್ನಿಸಿದ್ದು ಸಮಾಧಾನವೋ ಎಂದು ಅನುಮಾನವಾಗಿ ನಾಚಿಕೆಪಟ್ಟಳು.

"ನಿನ್ನೆ ಸಂಜೀಕೆ ಉಜ್ಜನಪ್ಪ ಬಂದು ಕಾಗದ ಕೊಟ್ಟು ಹೋದ," ಎಂದಳು ಹಜೀರಾಬೀ ಒಳಗಿನಿಂದ ಬರುತ್ತ. "ಶುಕ್ರವಾರ ಲಾರಿ ಬರ್ತೈತೆ ಅಂದ, ಯಾಕ ಅಂದ್ರೆ ಅದ್ರಾಗೆ ಬರದೈತೆ ಅಂದ. ನಮಗೆ ಓದಾಕೆ ಬರಲ್ಲ. ನೀವು ಬರ್ತೀರಲ್ಲ ಬುಧವಾರ ಅಂತ ಇಟ್ಕಂಡೀನಿ." ಸೊಂಟದಿಂದ ನಾಲ್ಕು ಮಡಿಕೆ ಮಡಚಿದ ಹಾಳೆ ತೆಗೆದಳು. ಕೊಡುವ ಮುಂಚೆ ಅವಳ ಮುಖವನ್ನು ಸರಿಯಾಗಿ ನೋಡಿ, "ನಿಮಗೇನೂ ಅನ್ನಲಿಲ್ಲ ತಾನೆ ಮೇಡಮ್ಮಾರೆ? ನಮ್ಮಿಂದ ನಿಮ್ಮ ನೌಕರಿಗೇನೂ ಆಗಲಿಲ್ಲ ತಾನೆ?" ಎಂದು ಕೇಳಿದಳು.

"ಇಲ್ಲ," ಎಂದಳು ಶಾಂತಕುಮಾರಿ.

"ಹಂಗಾದ್ರೆ ಸರಿ. ಓದ್ರಿ."

ಉಜ್ಜನಪ್ಪನ ಅಕ್ಷರ ಗುಂಡಗೆ, ಸ್ಪಷ್ಟವಾಗಿತ್ತು. ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಓದಿದಳು. "ಹರಿಹರದ ಶ್ರೀಮತಿ ಹಜೀರಾಬೀ ಇವರಿಗೆ. ದಿನಾಂಕ ಹತ್ತು, ಎರಡು, ಸಾವಿರದ ಒಂಬೈನೂರ ಅರವತ್ನಾಲ್ಕು. ತಮ್ಮ ವಶದಲ್ಲಿರುವ ಇಪ್ಪತ್ತನಾಲ್ಕು ಕೋಳಿಗಳ ವಿಷಯ." ಮುಂದಿನ ಸಾಲು ಅವಳ ಹೆಸರಿನಿಂದಲೇ ಶುರುವಾಗಿತ್ತು. ಕಣ್ಣು ಅದರ ಮೇಲಿಂದ ಜಾರಿ ಕೆಳಗಿನ ಸಾಲಿಗೆ ಇಳಿಯಿತು, ಕೆಸರನ್ನು ದಾಟುವ ಕಾಲಿನಂತೆ, ಹೇಳಿಕೊಡದೆಯೇ. "ಪಾಲಕರು ಸೂಚನೆಗೆ ವಿರುದ್ಧವಾಗಿ ಗೊಬ್ಬರದ ಗುಡ್ಡೆಗಳಿಗೆ ಬೂದಿ ಬೆರೆಸಿ ಪ್ರಯೋಗವನ್ನು ಕೆಡಿಸಿರುವುದರಿಂದ, ಸದರಿ ಕೋಳಿಗಳನ್ನು ವಾಪಸು ಪಡೆಯಲು ಆದೇಶಿಸಿದೆ." ಮಡಚಿದಳು.

"ಬೂದಿಯಿಂದ ಕೆಡ್ತಾ?" ಎಂದಳು ಹಜೀರಾಬೀ. ಬಹಳ ಹೊತ್ತು ಗುಡ್ಡೆಗಳ ಕಡೆ ನೋಡಿದಳು. "ಬೂದಿಯಿಂದ ಏನಾದ್ರೂ ಕೆಡತೈತೇನ್ರಿ?"

"ಈ ಲೆಕ್ಕ ಕೆಡತೈತೆ."

"ನನಗೆ ಗೊತ್ತಾಗಲಿಲ್ಲ ನೋಡ್ರಿ. ನೀವು ಅವತ್ತು ನೋಡಿದಾಗ್ಲೂ ಬೈಲಿಲ್ಲ. ಬೈದಿದ್ರೆ ಗೊತ್ತಾಗ್ತಿತ್ತು." ಆಮೇಲೆ ಏನೋ ಹೊಳೆದಂತೆ, "ಇದು ಆಫೀಸಿನೋರಿಗೆ ಹೆಂಗೆ ಗೊತ್ತಾತು? ಉಜ್ಜನಪ್ಪ ಹೋದ ತಿಂಗಳು ಬಂದಾಗ ಗೂಡಿನ ಹಿಂದೆ ಹೋಗಿ ನಿಂತಿದ್ದ. ಅವನೇ ನೋಡಿರಬೇಕು. ಅವನ ಮಕ್ಳಿಗೆ ಅಂತ ಹತ್ತು ಮೊಟ್ಟೆ ಕಟ್ಟಿ ಕೊಟ್ಟಿದ್ದೆ ನಾನು."

ಅಬ್ದುಲ್ ರಹೀಮ್, "ಹೋಗ್ಲಿ ಬಿಡು. ಹೊಟ್ಟೆಪಾಡು ಅವಂದೂ," ಎಂದ.

ಇಲ್ಲಿಗೆ ಮುಗಿಯಬಹುದಿತ್ತು. ಉಜ್ಜನಪ್ಪನಿಗೆ ಇದರಿಂದ ಏನೂ ಆಗುವುದಿಲ್ಲ. ಅವನು ಇನ್ನು ಈ ಬೇಲಿ ದಾಟಿ ಬರುವುದೂ ಇಲ್ಲ. ತಾನೂ ಶುಕ್ರವಾರದ ಆಚೆಗೆ ಬರುವುದಿಲ್ಲ. ಬಿಳಿ ಕೋಳಿಯೊಂದು ಅವಳ ಚೀಲದ ಹತ್ತಿರ ಬಂದು ತಗಡಿನ ಡಬ್ಬಿಯನ್ನು ಎರಡು ಸಲ ಕುಕ್ಕಿತು. ಹಜೀರಾಬೀ ಬಗ್ಗಿ ಅದನ್ನು ಹಗುರವಾಗಿ ಎತ್ತಿ ಅತ್ತ ಬಿಟ್ಟಳು, "ಅವರದ್ದು ಅದು, ಮುಟ್ಟಬ್ಯಾಡ," ಎಂದು. ಶಾಂತಕುಮಾರಿ ಹಾಳೆಯನ್ನು ಮತ್ತೆ ಬಿಚ್ಚಿದಳು.

"ಒಂದು ಸಾಲು ಬಿಟ್ಟಿದ್ದೆ," ಎಂದಳು.

"ಓದ್ರಿ ಹಂಗಾರೆ."

"'ಸಹಾಯಕಿ ಕುಮಾರಿ ಶಾಂತಕುಮಾರಿಯವರು ಖುದ್ದು ಕಂಡು ವರದಿ ಮಾಡಿರುವ ಪ್ರಕಾರ.'" ದನಿ ಎಲ್ಲಿಯೂ ನಡುಗಲಿಲ್ಲ, ಅದು ಅವಳಿಗೇ ಅಸಹ್ಯವಾಯಿತು. "ನಾನೇ ಹೇಳಿದ್ದು. ಅಂಕಿ ಸರಿಮಾಡ್ತಾರೆ ಅಂತ ಹೇಳಿದೆ. ಅಂಕಿ ಹಂಗೇ ಉಳೀತು. ಸಾಹೇಬ್ರು ಕೇಳಿದ್ರು, ತಪ್ಪು ನಿಮ್ಮದು ಅಂತ ಬರೆಸ್ಲೇನು, ನೌಕರಿ ಹೋಗ್ತೈತೆ ಅಂತ. ನಾನು ಸುಮ್ಮನೆ ಕೂತೆ."

ಅಬ್ದುಲ್ ರಹೀಮ್ ಸತ್ತ ಕೈಯ ಬೆರಳುಗಳನ್ನು ಒಂದೊಂದಾಗಿ ಇನ್ನೊಂದು ಕೈಯಿಂದ ಬಿಡಿಸಿ ಮಡಿಲಲ್ಲಿ ನೆಟ್ಟಗೆ ಮಾಡಿದ. ಹಜೀರಾಬೀ ಕೈ ಚಾಚಿ ಹಾಳೆಯನ್ನು ತೆಗೆದುಕೊಂಡಳು, ಹಿಂದಿನ ಮಡಿಕೆಗಳ ಮೇಲೆಯೇ ಮಡಚಿದಳು, ಸೊಂಟಕ್ಕೆ ಸಿಕ್ಕಿಸಿದಳು. ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿ ಹುಡುಕಿ ಶಾಂತಕುಮಾರಿ ಸೋತಳು. ಅಲ್ಲಿದ್ದದ್ದು ಬರೀ ಲೆಕ್ಕ ಹಾಕುವವರ ಮುಖ, ಶುಕ್ರವಾರ, ಶನಿವಾರ, ಆಮೇಲೆ ಎಂದು. ಹಜೀರಾಬೀ ಬೇಲಿಯ ಬಾಗಿಲು ತೆಗೆದುಕೊಂಡು ಹೊರಗೆ ಹೋದಳು.

ಶಾಂತಕುಮಾರಿಗೆ ಹೊರಡಬೇಕೆನ್ನಿಸಿತು, ಹೇಳದೆ ಹೊರಡುವುದು ಹೇಗೆ ಎಂದೂ ಅನ್ನಿಸಿತು. ನಿಂತೇ ಇದ್ದಳು. ಐದು ಗುಡ್ಡೆಗಳ ಮುಂದಿನ ತಗಡಿನ ಅಂಕಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಗಾಳಿ ಬೀಸಿದಾಗ ಕಣ್ಣಿಗೆ ಘಾಟು ಹತ್ತಿತು. ಸೆರಗಿಗೆ ಹೋಗಲು ಎದ್ದ ಕೈಯನ್ನು ಅರ್ಧದಲ್ಲೇ ಇಳಿಸಿದಳು, ಕಣ್ಣು ಸುರಿಯಲು ಬಿಟ್ಟಳು. ಅದು ಘಾಟಿಗೆ ಬಂದ ನೀರು, ಬೇರೆಯದಲ್ಲ ಎಂದು ಅಬ್ದುಲ್ ರಹೀಮನಿಗೆ ತಿಳಿಯಲಿ ಎಂದುಕೊಂಡಳು. ಆಮೇಲೆ ತಿಳಿಯದಿರಲಿ ಎಂದುಕೊಂಡಳು. ಅವನು ಗೋಡೆಯ ಕಡೆ ತಿರುಗಿ ಕೂತಿದ್ದ, ಅವಳಿಗೆ ಮರೆ ಮಾಡಿಕೊಡುವವನಂತೆ. ಎಷ್ಟು ಹೊತ್ತಾಯಿತೋ. ಹಜೀರಾಬೀ ಇನ್ನು ಬರುವುದಿಲ್ಲ, ತಾನು ತೊಲಗಲಿ ಎಂದು ಎಲ್ಲೋ ಕಾಯುತ್ತಿದ್ದಾಳೆ ಎಂಬುದು ಖಾತ್ರಿಯಾಗಿ ಚೀಲ ಎತ್ತಿಕೊಂಡಳು.

ಬೇಲಿಯಾಚೆ, ರಸ್ತೆಯ ಎದುರು ಮನೆಯ ಕಟ್ಟೆಯಿಂದ ಹಜೀರಾಬೀ ಇಳಿಯುತ್ತಿದ್ದಳು. ಹಣೆ ತುಂಬ ವಿಭೂತಿ ಇದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, ರಸ್ತೆ ದಾಟುವವರೆಗೂ ಅವಳನ್ನೇ ನೋಡುತ್ತಿದ್ದಳು. ಹಜೀರಾಬೀಯ ಕೈಯಲ್ಲಿ ಹಿತ್ತಾಳೆ ತಟ್ಟೆ, ಅದರ ಮೇಲೆ ಕವುಚಿದ ಇನ್ನೊಂದು ತಟ್ಟೆ. ಅಂಚು ತನ್ನ ಬೆರಳಿಗೆ ತಾಕದ ಹಾಗೆ ಸೆರಗು ಸುತ್ತಿ ಹಿಡಿದಿದ್ದಳು. ಹನ್ನೊಂದು ತಿಂಗಳು ಈ ಅಂಗಳದಲ್ಲಿ ಒಂದು ಗುಟುಕು ನೀರೂ ಕುಡಿಯದೆ, ಪ್ರತಿ ಬುಧವಾರ "ಉಂಡೇ ಬಂದೀನಿ" ಎಂದು ಶಾಂತಕುಮಾರಿ ಹೇಳುತ್ತಿದ್ದಳು. ಬೆಳಗಿನ ಗಾಡಿಗೆ ಯಾರೂ ಉಂಡು ಬರುವುದಿಲ್ಲವೆಂದು ಹಜೀರಾಬೀಗೆ ಗೊತ್ತಿದ್ದಿರಬೇಕು. ಒಮ್ಮೆಯೂ ಒತ್ತಾಯ ಮಾಡಿರಲಿಲ್ಲ.

"ಕಮಲಕ್ಕನ ಮನೇದು," ಎಂದಳು, ಮುಖ ನೋಡದೆ. "ಆಕೇನೇ ಬಡಿಸಿದ್ದು. ರೊಟ್ಟಿ, ಪುಂಡಿಪಲ್ಲೆ. ಗಾಡಿ ಇನ್ನೂ ತಡ ಐತೆ, ಕೂತು ಉಣ್ರಿ."

ಶಾಂತಕುಮಾರಿ ಚೀಲವನ್ನು ಕೆಳಗಿಟ್ಟು ಎರಡೂ ಕೈ ಒಡ್ಡಿದಳು. ಅವಳ ಹಿಡಿತ ಭದ್ರವಾಗುವವರೆಗೂ ಹಜೀರಾಬೀ ತಟ್ಟೆಯನ್ನು ಬಿಡಲಿಲ್ಲ.